ಮುನ್ನೂರು ಓಮಿನ ಹೆಡ್‌ಫೋನಿನಲ್ಲಿ ಕೇಳಿದ್ದು

ನನಗಿನ್ನೂ ನಲವತ್ತು ತುಂಬಿಲ್ಲ. ನಿವೃತ್ತನಾದೆ ಎಂದರೆ ಜನ ನಗುತ್ತಾರೆ. ನಗಲಿ. ಈ ಕೆಲಸದಲ್ಲಿ ಮನುಷ್ಯನಿಗಿಂತ ಮೊದಲು ಕಿವಿ ನಿವೃತ್ತಿಯಾಗುತ್ತದೆ. ನನ್ನ ಬಲಗಿವಿಯಲ್ಲಿ ಮೇಲಿನ ಸ್ವರ ಹೋಯಿತು. ಕುರಿಯ ಕೊರಳ ಗೆಜ್ಜೆ ಎಡಗಿವಿಗೆ ಗೆಜ್ಜೆ, ಬಲಗಿವಿಗೆ ಕಲ್ಲು ಉರುಳಿದ ಹಾಗೆ. ಒಂದೇ ಕಿವಿಯಲ್ಲಿ ಎರಡು ಆಂಪ್ಲಿಫೈಯರ್ ಹೋಲಿಸಿ ಗಿರಾಕಿಗೆ ಇದು ಛಲೋ, ಅದು ಬೇಡ ಎನ್ನುವುದು ಮೋಸ. ಬಿಟ್ಟೆ. ಈಗ ಮನ್ನಳ್ಳಿಯಲ್ಲಿ ಅಣ್ಣನ ಜೊತೆ ಕುರಿ ಕಾಯುತ್ತೇನೆ.

ಬೀದರಿನ ಚಿದ್ರಿಯಲ್ಲಿದ್ದ ನಮ್ಮ ಅಂಗಡಿಗೆ ಹೊಸಬರು ಸೇರಿದ್ದಾರೆ. ಕೆಲಸ ಹೇಗಿತ್ತು ಬರೆದುಕೊಡು ಎಂದರು. ನಾನು ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನು. ಶೃಂಗಾರ ಮಾಡಿ ಬರೆಯಲು ಬರುವುದಿಲ್ಲ. ಆದದ್ದನ್ನು ಬರೆಯುತ್ತೇನೆ.

ಹೆಡ್‌ಫೋನ್ ಆಂಪ್ಲಿಫೈಯರ್ ಎಂದರೆ ಅಂಗೈ ಅಗಲದ ಡಬ್ಬಿ. ಮೊಬೈಲಿನಿಂದಲೋ ಕಂಪ್ಯೂಟರಿನಿಂದಲೋ ಬರುವ ಸಣ್ಣ ಸದ್ದಿಗೆ ಬಲ ಕೊಟ್ಟು ಹೆಡ್‌ಫೋನಿಗೆ ಕಳಿಸುತ್ತದೆ. ಬೀದರಿನಲ್ಲಿ ಅದನ್ನು ಯಾರು ಕೊಳ್ಳುತ್ತಾರೆ ಎಂದು ಹೈದರಾಬಾದಿನ ವ್ಯಾಪಾರಿಗಳು ಕೇಳುತ್ತಿದ್ದರು. ಭಜನೆ ರೆಕಾರ್ಡ್ ಮಾಡುವವರು, ಮದುವೆ ವಿಡಿಯೊ ಜೋಡಿಸುವವರು, ಮನೆಯಲ್ಲೇ ಕೂತು ವಚನ ಹಾಡಿ ಮೊಬೈಲಿಗೆ ಹಾಕುವವರು. ಸಾಕಷ್ಟು ಜನ ಇದ್ದರು.

ಅಂಗಡಿಯ ಯಜಮಾನರು ಖಾಜಾ ಉಸ್ತಾದ್. ತಾವೇ ಡಬ್ಬಿ ಕಟ್ಟುತ್ತಿದ್ದರು, ಹೊರಗಿನದೂ ಮಾರುತ್ತಿದ್ದರು. ಬಾಯಿ ಬಹಳ ಕೆಟ್ಟದ್ದು. ನಾನು ಸೇರಿದ ದಿನ ಒಂದು ಡಬ್ಬಿಗೆ ಏನನ್ನೂ ಜೋಡಿಸದೆ ಬರೀ ಹೆಡ್‌ಫೋನ್ ನನ್ನ ತಲೆಗೆ ಹಾಕಿ, ವಾಲ್ಯೂಮು ಪೂರ್ತಿ ತಿರುಗಿಸಿ ಕೇಳಿದರು.

"ಏನ್ ಕೇಳಸ್ಲತ್ತದ?"

"ಏನೂ ಇಲ್ರಿ ಉಸ್ತಾದ್."

"ಏನೂ ಇಲ್ಲ ಅಂದ್ರ? ಯಾವ ಥರದ್ದು ಏನೂ ಇಲ್ಲ?"

ಇನ್ನೊಂದು ಡಬ್ಬಿಗೆ ಹಚ್ಚಿದರು. ಅಲ್ಲೂ ಏನೂ ಇಲ್ಲ. ಆದರೆ ಅದು ಬೇರೆ. ಮೊದಲನೆಯದು ಬಾಗಿಲು ಮುಚ್ಚಿದ ಕೋಣೆಯ ಹಾಗಿತ್ತು. ಎರಡನೆಯದು ಬಾಗಿಲ ಹಿಂದೆ ಯಾರೋ ಉಸಿರು ಹಿಡಿದು ನಿಂತ ಕೋಣೆಯ ಹಾಗೆ. ಹೇಳಿದೆ.

"ಹಾಂ. ಇದೇ ಕೆಲಸ. ಹಾಡು ಎಲ್ಲಾ ಗಧಾಗಳಿಗೂ ಕೇಳಸ್ತದ. ನೀ ಹಾಡಿಲ್ಲದ್ದು ಕೇಳು."

ನಿಮಗೂ ಮೊದಲು ಅದನ್ನೇ ಹೇಳುತ್ತೇನೆ. ಎರಡು ಆಂಪ್ಲಿಫೈಯರ್ ಹೋಲಿಸುವಾಗ ಮೊದಲು ಖಾಲಿ ಕೇಳಿ. ಆಮೇಲೆ ಎರಡರ ಗಟ್ಟಿತನ ಮೀಟರಿನಲ್ಲಿ ಸರಿಸಮ ಮಾಡಿ. ತುಸು ಗಟ್ಟಿಯಾಗಿ ಬಂದದ್ದೇ ಛಲೋ ಎಂದು ಕಿವಿ ಸುಳ್ಳು ಹೇಳುತ್ತದೆ. ಈಗ ಮೊಬೈಲಿನಲ್ಲಿ ಗ್ರಾಫ್ ಬರುತ್ತದೆ, ನೋಡಿ, ತಪ್ಪಿಲ್ಲ. ಆದರೆ ಗ್ರಾಫಿನಲ್ಲಿ ಬಾಗಿಲ ಹಿಂದೆ ನಿಂತವನು ಕಾಣುವುದಿಲ್ಲ.

ಒಮ್ಮೆ ಔರಾದಿನಿಂದ ಒಬ್ಬ ಭಜನೆಯವನು ಫೋನು ಮಾಡಿದ. ಡಬ್ಬಿಗೆ ಏನೂ ಜೋಡಿಸಿಲ್ಲ, ಆದರೂ ಹೆಡ್‌ಫೋನಿನಲ್ಲಿ ಗಂಡಸೊಬ್ಬ ಮಾತಾಡುತ್ತಾನೆ, ಬಾ ಎಂದ. ಹೋದೆ. ಡಬ್ಬಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರು. ಕೇಳಿದೆ. ನಿಜ. ತೆಲುಗಿನಲ್ಲಿ ಯಾರೋ ಮೆಲ್ಲಗೆ, ನಿಲ್ಲಿಸದೆ ಮಾತಾಡುತ್ತಿದ್ದ. ದೆವ್ವ ಅಲ್ಲ, ಬಾನುಲಿ. ಜಾಕಿನ ಬೆಸುಗೆಗೆ ತುಕ್ಕು ಹಿಡಿದಾಗ ಉದ್ದ ವೈರು ಆಂಟೆನಾ ಆಗಿ ಡಬ್ಬಿ ತಾನೇ ರೇಡಿಯೊ ಆಗುತ್ತದೆ. ಕೆರೆದು ಮತ್ತೆ ಬೆಸೆದೆ. ದನಿ ನಿಂತಿತು. ಆ ಮನೆಯ ಮುತ್ತವ್ವ ಬಂದು ನನ್ನನ್ನೇ ಬೈದಳು.

"ಪಾಪ, ದಿನಾ ಬಂದು ಮಾತಾಡಿ ಹೋಗ್ತಿದ್ದ. ಎಲ್ಲಿಗಿ ಕಳಸ್ದಿ ಅವನ್ಗಿ?"

"ರೇಡಿಯೊರಿ ಅವ್ವ."

"ರೇಡಿಯೊ ಆದ್ರೇನು, ಮನಷ್ಯಾ ಅಲ್ಲೇನು?"

ನಗಬೇಡಿ. ಸದ್ದಿಗೆ ಕಾರಣ ಸಿಕ್ಕರೆ ಸದ್ದು ಮುಗಿಯಿತು ಎಂದು ನಾನು ಅಂದು ತಿಳಿದಿದ್ದೆ. ಭಾಲ್ಕಿಗೆ ಹೋಗುವ ತನಕ ಹಾಗೇ ತಿಳಿದಿದ್ದೆ.

ಭಾಲ್ಕಿಯ ಬಸವರಾಜ ನಮ್ಮ ಹಳೆಯ ಗಿರಾಕಿ. ಹಳೆಯ ಓಣಿಯಲ್ಲಿ ಕಲ್ಲಿನ ಮನೆ, ಮಣ್ಣಿನ ಮಾಳಿಗೆ. ಅಡುಗೆಮನೆಯ ಪಕ್ಕದ ಕೋಣೆಯ ಗೋಡೆಗೆ ಕಂಬಳಿ ಹೊಡೆದು ಭಜನೆ ರೆಕಾರ್ಡ್ ಮಾಡುತ್ತಿದ್ದ. ಉಸ್ತಾದ್ ಅವನಿಗೆ ತಾವೇ ಕಟ್ಟಿದ ಡಬ್ಬಿಯನ್ನೂ ಮುನ್ನೂರು ಓಮಿನ ದೊಡ್ಡ ಹೆಡ್‌ಫೋನನ್ನೂ ಜೋಡಿ ಮಾಡಿ ಕೊಟ್ಟಿದ್ದರು. ಓಮು ಎಂದರೆ ಹೆಡ್‌ಫೋನು ಕರೆಂಟಿಗೆ ಒಡ್ಡುವ ತಡೆಯ ಅಳತೆ. ಅವನು ಫೋನು ಮಾಡಿ ಸಿಟ್ಟಿನಲ್ಲಿ ಹೇಳಿದ.

"ನನ್ನ ರೆಕಾರ್ಡಿಂಗ್‌ನಾಗ ಢಗ್ಗಾ ಬರ್ಲತ್ತದಂತ್ರಿ. ದೊಡ್ಡ ಸ್ಪೀಕರ್‌ಗಿ ಹಚ್ಚಿದವ್ರು ಹೇಳ್ಲತ್ತಾರ. ನಾ ಢಗ್ಗಾ ಬಾರ್ಸೇ ಇಲ್ಲ. ನನಗಂತೂ ಕೇಳಸಂಗಿಲ್ಲ. ನಿಮ್ಮ ಡಬ್ಬಿ ಖರಾಬ್ ಆಗ್ಯಾದ."

ಢಗ್ಗಾ ಎಂದರೆ ತಬಲಾ ಜೋಡಿಯಲ್ಲಿ ಎಡಗೈಯಿಂದ ಬಾರಿಸುವ, ಕೆಳಗಿನ ದನಿಯದು. ಉಸ್ತಾದರಿಗೆ ಡಬ್ಬಿ ಖರಾಬ್ ಎಂದರೆ ಅವರ ಅಪ್ಪನನ್ನು ಬೈದ ಹಾಗೆ. "ಇನ್ನೂ ಎರಡು ಡಬ್ಬಿ ತಗೊಂಡು ಹೋಗು. ಅವನ ಮುಂದ ಹಚ್ಚಿ ತೋರ್ಸು. ಖರಾಬ್ ಏನದ ಹೇಳಿ ಬಾ. ಡಬ್ಬಿನೋ ಅವನ ತಲಿನೋ" ಎಂದರು.

ಬಸ್ಸಿನಲ್ಲಿ ಹೋದೆ. ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ. ಬಸವರಾಜನ ತಾಯಿ ಗುರಮ್ಮ ಪಡಸಾಲೆಯಲ್ಲಿ ಕೂತಿದ್ದಳು, ಹಣೆ ತುಂಬ ವಿಭೂತಿ. ಹೆಂಡತಿ ಮಾದೇವಿ ನೀರು ತಂದಿಟ್ಟಳು. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ. ಕಣ್ಣಿನ ಸುತ್ತ ಕಪ್ಪು. ಮೂಲೆಯಲ್ಲಿ ಒಂದು ಟ್ರಂಕು, ಅದರ ಮೇಲೆ ಮಡಚಿದ ಹಾಸಿಗೆ.

"ಊರಿಗೇನ್ರಿ?" ಎಂದೆ.

ಬಸವರಾಜ ನನ್ನನ್ನು ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದ. "ಮಾವ ಬರ್ಲತ್ತಾರ್ರಿ ಇವತ್ತ. ಔರಾದಿಂದ. ಕರ್ಕೊಂಡು ಹೋಗ್ತಾರ."

"ಹಬ್ಬಕ್ಕೇನು?"

"ಹಬ್ಬಕ್ಕಲ್ಲ. ಆಕಿಗಿ ಗಾಳಿ ಬಡದದಂತಾಳ ನಮ್ಮವ್ವ. ಮನ್ಯಾಗ ಏನೋ ಸದ್ದು ಕೇಳಸ್ತದಂತ ಆಕಿಗಿ. ಮದಿವಿ ಆದಾಗಿಂದ ಅದೇ ರಾಗ. ನಮಗ್ಯಾರಿಗೂ ಕೇಳಸಂಗಿಲ್ಲ. ನಾನೇ ಅಡಗಿ ಮನ್ಯಾಗ ಮೈಕ್ ಇಟ್ಟು ನೋಡೀನಿ. ಏನಿಲ್ಲ. ಹೋದ್ರ ಹೊಳ್ಳಿ ಕರ್ಕೋಬ್ಯಾಡ ಅಂದಾಳ ಅವ್ವ."

"ನೀವೇನಂದ್ರಿ?"

"ನಾ ಏನನ್ಲಿ? ಮೈಕ್‌ನಾಗ ಬರ್ಲಿಲ್ಲ."

ನಾನು ಅವನ ಡಬ್ಬಿ ನೋಡಿದೆ. ಅದಕ್ಕೆ ಚುಚ್ಚಿದ್ದು ನಾವು ಕೊಟ್ಟ ಹೆಡ್‌ಫೋನ್ ಅಲ್ಲ. ಮೊಬೈಲಿನ ಜೊತೆ ಬರುವಂಥ ಸಣ್ಣದು, ಮೂವತ್ತೆರಡು ಓಮು.

"ದೊಡ್ಡದೆಲ್ಲದ?"

"ಕಿವಿ ಬೆವರ್ತದಂತ ತೆಗೆದಿಟ್ಟೀನಿ. ಇದೇನು, ಹಗೂರ ಅದ. ಅದಕಿಂತ ಗಟ್ಟಿ ಬರ್ತದ."

ಇಲ್ಲಿ ಸ್ವಲ್ಪ ಕಿವಿಗೊಟ್ಟು ಓದಿ. ನಮ್ಮ ಉಸ್ತಾದರ ಹಳೆಯ ನಮೂನೆಯ ಡಬ್ಬಿಯಲ್ಲಿ ಹೊರಹೋಗುವ ದಾರಿಯಲ್ಲಿ ಒಂದು ಕೆಪಾಸಿಟರ್ ಇರುತ್ತದೆ. ಮುನ್ನೂರು ಓಮಿನ ಹೆಡ್‌ಫೋನ್ ಹಾಕಿದರೆ ಕೆಳಗಿನ ಸ್ವರ ಪೂರ್ತಿ ದಾಟುತ್ತದೆ. ಮೂವತ್ತೆರಡರದ್ದು ಹಾಕಿದರೆ ಅದೇ ಕೆಪಾಸಿಟರು ಕೆಳಗಿನದನ್ನೆಲ್ಲ ತಡೆದು ನಿಲ್ಲಿಸುತ್ತದೆ. ಮಾತು ಕೇಳುತ್ತದೆ, ತಾಳ ಕೇಳುತ್ತದೆ, ಗಟ್ಟಿಯಾಗಿಯೂ ಕೇಳುತ್ತದೆ. ನೆಲದ ಸ್ವರ ಮಾತ್ರ ಇರುವುದಿಲ್ಲ. ಡಬ್ಬಿಯೂ ಛಲೋ, ಹೆಡ್‌ಫೋನೂ ಛಲೋ, ಜೋಡಿ ಕೆಟ್ಟದ್ದು. ಇಂಥ ಜೋಡಿಯನ್ನು ನಂಬಿ ಅವನು ಹೆಂಡತಿಗೆ ಏನೂ ಇಲ್ಲ ಎಂದಿದ್ದ.

ದೊಡ್ಡ ಹೆಡ್‌ಫೋನ್ ತರಿಸಿ ಹಾಕಿಕೊಂಡೆ. ಮೈಕು ಚಾಲೂ ಮಾಡಿದೆ. ಮೊದಲು ಏನೂ ಇಲ್ಲ. ಬಾಗಿಲ ಹಿಂದೆ ನಿಂತವನು ಇದ್ದ.

ಆಮೇಲೆ ಬಂತು. ಡಗ್. ಡಗ್. ಸುಮ್ಮನೆ. ಬಹಳ ಹೊತ್ತು ಸುಮ್ಮನೆ. ಮತ್ತೆ ಡಗ್. ಡಗ್.

ಕಿವಿಗೆ ಬಂದದ್ದಕ್ಕಿಂತ ದವಡೆಗೆ ಬಂದದ್ದು ಹೆಚ್ಚು. ತಂದಿದ್ದ ಇನ್ನೊಂದು ಡಬ್ಬಿಗೆ ಹಚ್ಚಿದೆ. ಬಂತು. ಮೂರನೆಯದು ಬ್ಯಾಟರಿಯದು. ಪಕ್ಕದ ಮನೆಯ ಬೋರಿನ ಮೋಟರೇ ಇರಬೇಕೆಂದು ಮೇನ್ ಸ್ವಿಚ್ ಆರಿಸಿದೆ, ಪಕ್ಕದವರಿಗೂ ಹೇಳಿ ಮೋಟರು ನಿಲ್ಲಿಸಿದೆ. ಬ್ಯಾಟರಿ ಡಬ್ಬಿಯಲ್ಲಿ ಇನ್ನೂ ಚೊಕ್ಕಾಗಿ ಬಂತು. ಡಗ್. ಡಗ್.

ಬಸವರಾಜನ ತಲೆಗೆ ಹಾಕಿದೆ. ಅವನು ಮೊದಲು ನನ್ನನ್ನು ನೋಡಿದ, ಆಮೇಲೆ ನೆಲ ನೋಡಿದ. ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟು ಹೊರಗೆ ಹೋದ. ಅಡುಗೆಮನೆಯ ಬಾಗಿಲಲ್ಲಿ ನಿಂತು, "ಮಾದೇವಿ" ಎಂದ.

ಎಲ್ಲಿಂದ ಬರುತ್ತದೆ ನೋಡಬೇಕಲ್ಲ. ತಂಬೂರಿಗೆ ಅಂಟಿಸಿ ಮರದ ನಡುಕ ಹಿಡಿಯುವ ಬಿಲ್ಲೆಯಂಥ ಪಿಕಪ್ ನನ್ನ ಚೀಲದಲ್ಲಿತ್ತು. ಗೋಡೆಗೆ ಹಚ್ಚಿದೆ, ಕಡಿಮೆ. ಕಂಬಕ್ಕೆ ಹಚ್ಚಿದೆ, ಕಡಿಮೆ. ಅಡುಗೆಮನೆಯ ನೆಲದಲ್ಲಿ ಹೂತ ಒರಳುಕಲ್ಲಿಗೆ ಜೋಳದ ಹಿಟ್ಟಿನ ಮುದ್ದೆ ಮೆತ್ತಿ ಅಂಟಿಸಿದೆ. ಹೆಡ್‌ಫೋನ್ ತಲೆಯಿಂದ ಹಾರಿಹೋಗುವ ಹಾಗೆ ಬಂತು. ತಟ್ಟನೆ ವಾಲ್ಯೂಮು ಇಳಿಸಿದೆ.

ಅಷ್ಟರಲ್ಲಿ ಮಾದೇವಿಯ ತಂದೆ ಬಂದ. ಶಿವಣ್ಣ, ಔರಾದಿನ ತೊಗರಿ ವ್ಯಾಪಾರಿ, ತಲೆಗೆ ಬಿಳಿ ಟೊಪ್ಪಿಗೆ, ಮಾತು ಕಡಿಮೆ. ಚಪ್ಪಲಿ ಬಿಡುತ್ತಲೇ ಟ್ರಂಕು ನೋಡಿದ. ಮಗಳ ಮುಖ ನೋಡಲಿಲ್ಲ.

"ನಡಿ ತಾಯಿ. ಗಾಡಿ ನಿಂತದ."

"ಮಾವಾ, ಜರಾ ತಡೀರಿ. ಇದೊಂದು ಕೇಳ್ರಿ" ಎಂದ ಬಸವರಾಜ.

"ಇನ್ನೇನ್ ಕೇಳ್ಸ್ತೀ? ಕೇಳಿ ಕೇಳಿ ಸಾಕಾಗ್ಯಾದ. ನನ್ನ ಮಗಳು ಹುಚ್ಚಿ, ದೆವ್ವ ಬಡದಾಕಿ. ಊರೆಲ್ಲಾ ಗೊತ್ತಾತು."

"ಹುಚ್ಚ ನಾನ್ರಿ. ಕೇಳ್ರಿ."

ಶಿವಣ್ಣ ಟೊಪ್ಪಿಗೆ ತೆಗೆದು ಹೆಡ್‌ಫೋನ್ ಹಾಕಿಕೊಂಡ. ನೆಲದ ಮೇಲೆ ಒರಳಿನ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಡಗ್ ಡಗ್ ಬಂದಾಗ ಅವನ ಕೈ ತಾನಾಗಿ ನೆಲ ಹಿಡಿಯಿತು. ಎರಡನೆಯ ಸಲ ಬಂದಾಗ ಕಣ್ಣು ಮುಚ್ಚಿದ. ಹೆಡ್‌ಫೋನ್ ತೆಗೆದು ಮಗಳ ಕಡೆ ನೋಡಿದ. ಬಂದಾಗಿನಿಂದ ಆಗಲೇ ನೋಡಿದ್ದು.

"ಎಷ್ಟ್ ದಿನದಿಂದ ಹೇಳ್ಲತ್ತಿದ್ದಿ ತಾಯಿ. ನಾನೂ ಬೈದೆ ನಿನಗ."

ಮಾದೇವಿ ಸೆರಗು ಬಾಯಿಗೆ ಹಿಡಿದು ಅತ್ತಳು. ಗಂಡ, ತಂದೆ ಕೇಳಿದ್ದರು, ಪಕ್ಕದ ಮನೆಯ ಹೆಂಗಸರೂ ಬಂದು ಕೇಳಿ "ಯಪ್ಪಾ" ಎಂದಿದ್ದರು. ಆಕೆಗೆ ಮಾತ್ರ ಯಾರೂ ಹೆಡ್‌ಫೋನ್ ಕೊಡಲಿಲ್ಲ. ಆಕೆ ಕೇಳಿದ್ದೇ ತಾನೇ ಅದು.

ಉಳಿದವಳು ಗುರಮ್ಮ. ಅವಳ ಕಿವಿ ಮಂದ. ಎರಡು ಸಲ ಕೂಗಿದರೆ ಒಂದು ಸಲ ಓ ಎನ್ನುವವಳು. ಬಸವರಾಜ ಹೆಡ್‌ಫೋನ್ ಹಿಡಿದು ತಾಯಿಯ ಮುಂದೆ ಹೋದ.

"ಹಾಕೋ ಅವ್ವ. ನಿನ್ನ ಕಿವಿಲೆ ಕೇಳು. ಆಕಿಗಿ ಗಾಳಿ ಬಡದದೋ ಇಲ್ಲೋ ಹೇಳು."

ಗುರಮ್ಮ ಹೆಡ್‌ಫೋನನ್ನು ಕೈಯಿಂದ ಹಿಂದೆ ಸರಿಸಿದಳು.

"ನನಗ ಬ್ಯಾಡ."

"ಯಾಕ ಬ್ಯಾಡ? ಕೇಳೇ ಬೇಕು."

"ನನಗ ಅದು ಬ್ಯಾಡೋ. ನನಗ ಹಂಗೇ ಕೇಳಸ್ತದ."

ಅವಳು ಯಾರ ಮುಖವನ್ನೂ ನೋಡದೆ ಹೇಳಿದಳು. ಒರಳಿನ ಕೆಳಗೆ ಹಗೆ ಇದೆ. ಹಗೆ ಎಂದರೆ ನೆಲದೊಳಗೆ ತೋಡಿದ ಕಾಳಿನ ಗುಂಡಿ, ಮೇಲೆ ಸಣ್ಣ ಬಾಯಿ, ಒಳಗೆ ಕೋಣೆಯಷ್ಟು ಅಗಲ. ಅವಳು ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಜೋಳ ತೆಗೆಯಲು ಮೈದುನ ಚನ್ನಪ್ಪ ಒಳಗೆ ಇಳಿದ. ಮುಚ್ಚಿದ ಹಗೆಯಲ್ಲಿ ಉಸಿರು ಕಟ್ಟುವ ಗಾಳಿ ಸೇರಿರುತ್ತದೆ; ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ಆರುವುದಿಲ್ಲವೆಂದು ನೋಡಿ ಇಳಿಯುವುದು ಪದ್ಧತಿ. ಬೀಗರು ಬರುವವರಿದ್ದರು, ಅವಸರ. ದೀಪ ಇಳಿಸಲಿಲ್ಲ.

"ಹಗ್ಗ ನನ್ನ ಕೈಯಾಗಿತ್ತು. ಬುಟ್ಟಿ ತುಂಬದ ಮ್ಯಾಲ ಒಳಗಿಂದ ಜ್ವಾಳ ಅಳಿಯೋ ಸೇರಿಲೆ ಗ್ವಾಡಿಗಿ ಎರಡ್ ಸಲ ಬಡೀಬೇಕು. ಬಡದ್ರ ನಾವು ಎಳೀಬೇಕು. ಅವ ಬಡದ. ಎಳದೆ. ಬುಟ್ಟಿ ಖಾಲಿ ಇತ್ತು. ಚೇಷ್ಟಿ ಮಾಡ್ಲತ್ತಾನಂತ ಮತ್ತ ಇಳಸ್ದೆ. ಮತ್ತ ಬಡದ. ಎಳದೆ. ಖಾಲಿ. ನಕ್ಕೆ ನಾನು. ಏ ಚನ್ನಪ್ಪಾ, ಬೀಗರು ಬರೋ ಹೊತ್ತಾತು, ಆಟ ಸಾಕು ಅಂದೆ. ಮತ್ತ ಬಡೀಲಿಲ್ಲ ಅವ, ಹೆಣಾನೇ ಮ್ಯಾಲ ತಂದ್ರು."

ಶಿವಣ್ಣ ಟೊಪ್ಪಿಗೆಯನ್ನು ಕೈಯಲ್ಲೇ ಹಿಂಡುತ್ತಿದ್ದ.

"ಈ ಹುಡುಗಿ ಬಂದ ದಿನಾನೇ ಸದ್ದು ಕೇಳಸ್ತದ ಅತ್ತಿ ಅಂದಳು. ನನ್ನ ಎದಿ ಒಡೀತು. ನನಗೊಬ್ಬಾಕಿಗೇ ಕೇಳಸ್ತದಂತ ಇದ್ದೆ. ಆಕಿ ಹೋದ್ರ ಮತ್ತ ನನಗೊಬ್ಬಾಕಿಗೇ ಆಗ್ತದ, ಯಾರಿಗೂ ಗೊತ್ತಾಗಂಗಿಲ್ಲಂತ ಗಾಳಿ ಬಡದದ ಅಂದೆ."

ಬಸವರಾಜ ಹೆಡ್‌ಫೋನ್ ಕೆಳಗಿಟ್ಟ. ಟ್ರಂಕಿನ ಮೇಲಿದ್ದ ಹಾಸಿಗೆಯನ್ನು ಎತ್ತಿ ಒಳಗೆ ಒಯ್ದವನು ಶಿವಣ್ಣ. ಗಾಡಿಯವನಿಗೆ ಹೊರಡು ಎಂದು ಕೈ ಮಾಡಿದ. ಅಂದು ನಾನು ಆ ಸದ್ದನ್ನು ಮೊಬೈಲಿಗೆ ರೆಕಾರ್ಡ್ ಮಾಡಿಕೊಂಡು ಬಂದೆ, ಉಸ್ತಾದರಿಗೆ ತೋರಿಸಲು. ಉಸ್ತಾದ್ ಒಂದು ಸಲ ಕೇಳಿದರು. ಡಬ್ಬಿ ಖರಾಬ್ ಅಲ್ಲ ಎಂದರು. ಎರಡನೆಯ ಸಲ ಕೇಳಲು ಒಪ್ಪಲಿಲ್ಲ.

ವಾರ ಕಳೆದು ಬಸವರಾಜ ಮತ್ತೆ ಕರೆದ. ಒರಳು ಕಿತ್ತಿದ್ದರು. ಬಾಯಿ ತೆರೆದು ಕಂದೀಲು ಇಳಿಸಿದಾಗ ಅರ್ಧಕ್ಕೇ ಆರಿತಂತೆ. ಮರುದಿನ ಇಳಿಸಿದಾಗ ತಳದ ತನಕ ಉರಿಯಿತಂತೆ. ಒಳಗೆ ಏನೂ ಇರಲಿಲ್ಲ. ನೀರಿಲ್ಲ, ಹೆಗ್ಗಣವಿಲ್ಲ, ಒಣ ಗುಂಡಿ. ಟ್ರ್ಯಾಕ್ಟರಿನಲ್ಲಿ ಮುರುಮು ಮಣ್ಣು ತರಿಸಿ ತುಂಬಿದ್ದರು. ತುಂಬುವ ಮೊದಲು ಗುರಮ್ಮ ಬಾಯಿಯ ಹತ್ತಿರ ಕೂತು, "ಚನ್ನಪ್ಪಾ, ಬುಟ್ಟಿ ಎಳ್ಕೊಂಡೀನಿ. ಇನ್ನ ಬಡೀಬ್ಯಾಡೋ ತಂದಿ" ಎಂದಳಂತೆ. ಈಗ ಸದ್ದು ನಿಂತಿದೆಯೋ ಇಲ್ಲವೋ ಬಂದು ನೋಡು ಎಂದ.

ಮಧ್ಯಾಹ್ನ ಹೋದೆ. ಮನೆಯ ಕಳೆಯೇ ಬೇರೆಯಾಗಿತ್ತು. ಗುರಮ್ಮ ಹೊರಗೆ ಕಟ್ಟೆಯ ಮೇಲೆ ಪಕ್ಕದವರ ಜೊತೆ ನಗುತ್ತಿದ್ದಳು. ನಮ್ಮ ಸೊಸಿ ಬಂಗಾರ, ಆಕಿ ಕಿವಿಗಿ ಕೇಳಸ್ಲಿಲ್ಲಂದ್ರ ಇಡೀ ಮನಿ ಒಂದಿನ ಕುಸೀತಿತ್ತು ಎಂದು ಹೇಳುತ್ತಿದ್ದಳು. ಬಸವರಾಜ ಮಿಠಾಯಿ ತರಲು ಪೇಟೆಗೆ ಹೋದ.

ಮೂರು ಡಬ್ಬಿಗಳಿಂದಲೂ ಕೇಳಿದೆ. ಅದೇ ಹೆಡ್‌ಫೋನು, ಅದೇ ಮೈಕು. ಏನೂ ಇಲ್ಲ. ಬಾಗಿಲ ಹಿಂದೆ ನಿಂತವನೂ ಇಲ್ಲ. ಚೊಕ್ಕ ಖಾಲಿ.

ಮಾದೇವಿ ಚಹಾ ತಂದಳು. ಖುಷಿಯಲ್ಲಿ ಹೇಳಿದೆ.

"ಹೋತ್ರಿ. ಪೂರಾ ಹೋತು. ಹಳೇದು ಕೇಳ್ತೀರೇನು? ನನ್ನ ಮೊಬೈಲ್‌ನಾಗ ಅದ. ನಿಮಗ ಯಾರೂ ಕೇಳಿಸಲೇ ಇಲ್ಲ."

ಆಕೆ ಬಟ್ಟಲು ಇಟ್ಟು ಹೆಡ್‌ಫೋನ್ ಹಾಕಿಕೊಂಡಳು. ನಾನು ಹಳೆಯದನ್ನು ಹಚ್ಚಿದೆ. ಡಗ್ ಡಗ್ ಬರುವಾಗ ಅವಳ ಮುಖ ನೋಡುತ್ತಿದ್ದೆ. ಮುಖದಲ್ಲಿ ಏನೂ ಆಗಲಿಲ್ಲ. ಪೂರ್ತಿ ಕೇಳಿದಳು. ತೆಗೆದು ನನ್ನ ಕೈಗೆ ಕೊಟ್ಟಳು.

"ಇದೇನ್ರಿ?"

"ಅದೇರಿ. ನೀವು ಕೇಳಿದ್ದು."

"ಇದಲ್ರಿ."

ನಾನು ಬಾಗಿಲ ಕಡೆ ನೋಡಿದೆ. ಹೊರಗೆ ಗುರಮ್ಮ ನಗುತ್ತಲೇ ಇದ್ದಳು.

"ಇದು ನಾ ಎಂದೂ ಕೇಳೇ ಇಲ್ಲ" ಎಂದಳು ಮಾದೇವಿ, ಮೆಲ್ಲಗೆ. "ಇದು ಕೆಳಗಿಂದ ಬರ್ತದಲ್ರಿ. ನಂದು ಮ್ಯಾಲಿಂದ."

ಮೇಲೆ ಏನಿದೆ? ತೊಲೆ, ಜಂತೆ, ಮಣ್ಣು. ಅದರ ಮೇಲೆ ಒಣಹಾಕಿದ ಮೆಣಸಿನಕಾಯಿ, ಬಿಸಿಲು.

"ಅವತ್ತ್ಯಾಕ ಸುಮ್ಮನಿದ್ರಿ?"

"ಯಾರು ಕೇಳಿದ್ರು ನನಗ? ನಮ್ಮಪ್ಪ ಗಾಡಿ ಹೊಳ್ಳಿ ಕಳಸ್ದ. ನನ್ನ ಹಾಸಿಗಿ ತಾನೇ ಒಳಗ ಒಯ್ದ. ಅಷ್ಟ್ ಸಾಕಾಗಿತ್ರಿ ನನಗ."

"ಈಗ?"

"ನಿನ್ನೇನೂ ಬಂದಿತ್ತು."

ಮೈಕಿನ ಕೋಲು ನನ್ನ ಕೈಯಲ್ಲೇ ಇತ್ತು. ಮೇಲಕ್ಕೆ ತಿರುಗಿಸಲು ಹೋದೆ. ಇಷ್ಟು ವರ್ಷದ ಚಟ.

ಆಕೆ ಕೋಲು ಹಿಡಿದಳು. "ಬ್ಯಾಡ್ರಿ, ಅಣ್ಣಾ. ಅದರಾಗ ಬರ್ಲಿಲ್ಲಂದ್ರ ನಾ ಮತ್ತ ಹುಚ್ಚಿ. ಬಂತಂದ್ರ..." ಕೋಲನ್ನು ಕೆಳಕ್ಕೆ ಒತ್ತಿದಳು. "ಈಗ ಎಲ್ಲಾರೂ ನನ್ನ ಮಾತು ನಂಬ್ಯಾರ. ಹಿಂಗೇ ಇರ್ಲಿ."

ನಾನು ಕೋಲು ಬಿಟ್ಟೆ. ಹೆಡ್‌ಫೋನ್ ಮೇಜಿನ ಮೇಲಿತ್ತು. ಬ್ಯಾಟರಿ ಡಬ್ಬಿ ಮಾತ್ರ ಚಾಲೂ ಇತ್ತು, ಮೈಕೂ ಚಾಲೂ ಇತ್ತು. ಆ ಡಬ್ಬಿಗೆ ಒಂದು ಸಣ್ಣ ಹಸಿರು ದೀಪ. ಮೈಕಿಗೆ ಸದ್ದು ಬಂದರೆ ಹತ್ತುತ್ತದೆ, ಇಲ್ಲದಿದ್ದರೆ ಇಲ್ಲ.

ಮಾದೇವಿ ತಲೆಯನ್ನು ತುಸು ವಾರೆ ಮಾಡಿದಳು. ಒಳಗಿನಿಂದ ಯಾರೋ ಹೆಸರು ಕರೆದರೆ ನಾವು ಮಾಡುವ ಹಾಗೆ. ನಾನು ಮಾತಾಡುತ್ತಿರಲಿಲ್ಲ, ಆಕೆಯೂ ಮಾತಾಡುತ್ತಿರಲಿಲ್ಲ. ಹೊರಗಿನ ನಗುವೂ ಆ ಹೊತ್ತಿಗೆ ನಿಂತಿತ್ತು. ನನ್ನ ಕಿವಿಗೆ ಏನೂ ಬರಲಿಲ್ಲ.

ಹಸಿರು ದೀಪ ಹತ್ತಿತು. ಹತ್ತಿಯೇ ಇತ್ತು, ಒಂದು ವಾಕ್ಯ ಹೇಳಿ ಮುಗಿಸುವಷ್ಟು ಹೊತ್ತು. ಆಮೇಲೆ ಆರಿತು.

ಆಕೆ ಕೈ ಚಾಚಿ ಮೈಕಿನ ವೈರನ್ನು ಡಬ್ಬಿಯಿಂದ ಕಿತ್ತಳು. ಸುತ್ತಿ ನನ್ನ ಚೀಲದಲ್ಲಿಟ್ಟಳು.

"ಚಾ ಆರ್ಲತ್ತದ್ರಿ, ಕುಡೀರಿ" ಎಂದಳು. "ಅತ್ತಿ ಕೇಳಿದ್ರ ಸದ್ದು ಹೋಗ್ಯಾದಂತ ಹೇಳ್ರಿ."

ಹೊರಗೆ ಬಂದಾಗ ಗುರಮ್ಮ ಕೇಳಿದಳು. ಹೋಗ್ಯಾದ್ರಿ ಅವ್ವ ಎಂದೆ.